ಹೊತ್ತು ನೋಡಿ ಒಪ್ಪಬೇಕಾದ ಬಟ್ಟೆ: ಮಗುವಿನ ಸುತ್ತುವಸ್ತ್ರದ ತಯಾರಿಕೆ ಮತ್ತು ಪರೀಕ್ಷೆ

ಪೀಠಿಕೆ

ಸೀರೆ ಕೊಳ್ಳುವವರು ಬಣ್ಣ, ಅಂಚು, ಸೆರಗುಗಳನ್ನು ನೋಡುತ್ತಾರೆ. ಹಾಸಿಗೆಯ ಹೊದಿಕೆ ಕೊಳ್ಳುವವರು ಅಳತೆ ಮತ್ತು ಬೆಲೆಯನ್ನು ವಿಚಾರಿಸುತ್ತಾರೆ. ಇವೆರಡನ್ನೂ ಅಂಗಡಿಯ ಗಲ್ಲೆಯ ಮುಂದೆ ನಿಂತೇ ತೀರ್ಮಾನಿಸಬಹುದು. ಆದರೆ ಅದೇ ಮಗ್ಗಗಳ ಮೇಲೆ ನೇಯಬಹುದಾದ ಇನ್ನೊಂದು ವಸ್ತುವನ್ನು ಕಣ್ಣಿನಿಂದ ನೋಡಿ, ಬೆರಳಿನಿಂದ ಸವರಿ ಒಪ್ಪಲು ಬರುವುದಿಲ್ಲ. ಅದನ್ನು ಮೈಗೆ ಸುತ್ತಿ, ಭಾರ ಹೊತ್ತು, ಅರ್ಧ ಗಂಟೆ ನಡೆದಾಡಿದ ಬಳಿಕವಷ್ಟೇ ಅದರ ಗುಣದೋಷಗಳು ತಿಳಿಯುತ್ತವೆ. ಹಸುಗೂಸುಗಳನ್ನೂ ಎರಡು ಮೂರು ವರ್ಷದ ಮಕ್ಕಳನ್ನೂ ಮೈಗೆ ಕಟ್ಟಿಕೊಂಡು ಹೊರಲು ಬಳಸುವ ಉದ್ದನೆಯ ನೇಯ್ದ ಬಟ್ಟೆಯೇ ಆ ವಸ್ತು. ವ್ಯಾಪಾರ ವಲಯದಲ್ಲಿ ಇದಕ್ಕೆ ‘ವೋವನ್ ರ‍್ಯಾಪ್’ ಎಂಬ ಹೆಸರಿದೆ. ಈ ಲೇಖನದಲ್ಲಿ ಅದನ್ನು ‘ಸುತ್ತುವಸ್ತ್ರ’ ಎಂದು ಕರೆಯಲಾಗಿದೆ.

ಸುತ್ತುವಸ್ತ್ರವು ಸುಮಾರು 70 ಸೆಂಟಿಮೀಟರ್ ಅಗಲದ, ಎರಡೂವರೆ ಮೀಟರಿನಿಂದ ಐದು ಮೀಟರಿಗೂ ಮೀರಿ ಉದ್ದವಿರುವ ಒಂದೇ ತುಂಡು ಬಟ್ಟೆ. ಅಂಚು ಮಡಿಚಿ ಹೊಲಿದಿರುವುದನ್ನು ಬಿಟ್ಟರೆ ಅದರಲ್ಲಿ ಕೊಂಡಿಯಾಗಲಿ, ಗುಂಡಿಯಾಗಲಿ, ಪಟ್ಟಿಯಾಗಲಿ ಇರುವುದಿಲ್ಲ. ಹೊರುವವರ ಹೆಗಲು, ಬೆನ್ನು, ಸೊಂಟಗಳನ್ನು ಬಳಸಿ ಬಂದು ಕೊನೆಗೆ ಒಂದು ಗಂಟಿನಲ್ಲಿ ಅದು ನಿಲ್ಲುತ್ತದೆ. ಕತ್ತರಿಸುವ, ಹೊಲಿಯುವ ಕೆಲಸ ಕಡಿಮೆಯಾದ್ದರಿಂದ ಈ ಸರಕಿನ ಮೌಲ್ಯವೆಲ್ಲವೂ ನೇಯ್ಗೆಯಲ್ಲಿಯೇ ಅಡಗಿದೆ. ಮಗ್ಗವನ್ನು ನಂಬಿರುವ ಸಣ್ಣ ತಯಾರಕರಿಗೆ ಇದು ಆಕರ್ಷಕವಾದ ಅಂಶ. ಆದರೆ ಇದೇ ಅಂಶವು ಹೊಣೆಯನ್ನೂ ಹೆಚ್ಚಿಸುತ್ತದೆ. ಇಲ್ಲಿ ಬಟ್ಟೆ ಕೈಕೊಟ್ಟರೆ ಬೀಳುವುದು ಮಗು. ಆದುದರಿಂದ ಈ ಸರಕಿನಲ್ಲಿ ಪರೀಕ್ಷೆಯನ್ನು ತಯಾರಿಕೆ ಮುಗಿದ ಮೇಲಿನ ಔಪಚಾರಿಕತೆಯೆಂದು ಭಾವಿಸದೆ, ತಯಾರಿಕೆಯ ಮುಖ್ಯ ಭಾಗವೆಂದೇ ಪರಿಗಣಿಸಬೇಕಾಗುತ್ತದೆ.

ಹಳೆಯ ಪದ್ಧತಿ, ಹೊಸ ಸರಕು

ಮಗುವನ್ನು ಬಟ್ಟೆಯಲ್ಲಿ ಕಟ್ಟಿಕೊಂಡು ಕೆಲಸ ಮಾಡುವುದು ಮನುಷ್ಯ ಸಮಾಜಕ್ಕೆ ಹೊಸದಲ್ಲ. ಮೆಕ್ಸಿಕೋದ ರೆಬೊಜೊ, ಪೂರ್ವ ಆಫ್ರಿಕದ ಕಾಂಗಾ, ಕೊರಿಯಾದ ಪೊದೆಗಿ, ಬ್ರಿಟನ್ನಿನ ವೇಲ್ಸ್ ಪ್ರಾಂತದ ಶಾಲು ಇವೆಲ್ಲವೂ ಈ ಕೆಲಸಕ್ಕೆ ಬಳಕೆಯಾದ ಬಟ್ಟೆಗಳೇ. ನಮ್ಮ ದೇಶದಲ್ಲಿ ಮಿಜೋರಾಮಿನ ಮಹಿಳೆಯರು ‘ಪುಆನ್’ ಎಂಬ ಕೈಮಗ್ಗದ ಬಟ್ಟೆಯಲ್ಲಿ ಮಗುವನ್ನು ಬೆನ್ನಿಗೆ ಕಟ್ಟಿಕೊಳ್ಳುತ್ತಾರೆ. ಕರ್ನಾಟಕದಲ್ಲಿ ಮಗುವನ್ನು ಕಂಕುಳಲ್ಲಿ ಎತ್ತಿಕೊಳ್ಳುವ ರೂಢಿಯೇ ಹೆಚ್ಚು. ಹೊಲಗದ್ದೆಗಳಲ್ಲಿ, ಕಟ್ಟಡ ಕೆಲಸದ ಸ್ಥಳಗಳಲ್ಲಿ ಹಳೆಯ ಸೀರೆಯ ಜೋಲಿ ಇಂದಿಗೂ ಕಾಣಸಿಗುತ್ತದೆ.

ಈ ಪದ್ಧತಿಯು ಪೇಟೆಯ ಸರಕಾಗಿ ಮಾರ್ಪಟ್ಟ ಬಗೆ ಗಮನಾರ್ಹವಾಗಿದೆ. 1960ರ ದಶಕದಲ್ಲಿ ಪಶ್ಚಿಮ ಆಫ್ರಿಕದ ಟೋಗೋ ದೇಶದಲ್ಲಿ ಸೇವೆ ಸಲ್ಲಿಸಿದ ಅಮೆರಿಕದ ದಾದಿ ಆನ್ ಮೂರ್ ಅವರು ಅಲ್ಲಿನ ತಾಯಂದಿರು ಮಗುವನ್ನು ಬೆನ್ನಿಗೆ ಕಟ್ಟಿಕೊಳ್ಳುವುದನ್ನು ಕಂಡಿದ್ದರು. ಸ್ವದೇಶಕ್ಕೆ ಮರಳಿದ ಮೇಲೆ ‘ಸ್ನಗ್ಲಿ’ ಎಂಬ ಹೊಲಿದ ಚೀಲವನ್ನು ರೂಪಿಸಿದರು. ಅದಕ್ಕೆ 1969ರಲ್ಲಿ ಪೇಟೆಂಟ್ ದೊರೆಯಿತು. ಜರ್ಮನಿಯಲ್ಲಿ ಅವಳಿ ಮಕ್ಕಳ ತಾಯಿಯಾಗಿದ್ದ ಎರಿಕಾ ಹಾಫ್‌ಮನ್ ಅವರು ಲ್ಯಾಟಿನ್ ಅಮೆರಿಕದ ಶಾಲಿನಲ್ಲಿ ತಮ್ಮ ಮಕ್ಕಳನ್ನು ಹೊರತೊಡಗಿದರು. ಕಂಡವರು ಅದೇ ಬಗೆಯ ಬಟ್ಟೆಯನ್ನು ಕೇಳಲಾರಂಭಿಸಿದಾಗ 1972ರಲ್ಲಿ ‘ಡಿಡಿಮೋಸ್’ ಸಂಸ್ಥೆ ಆರಂಭವಾಯಿತು. ಗ್ರೀಕ್ ಭಾಷೆಯಲ್ಲಿ ಈ ಪದಕ್ಕೆ ‘ಅವಳಿ’ ಎಂಬ ಅರ್ಥವಿದೆ. ಯುರೋಪಿನಲ್ಲಿ ನೇಯ್ದ ಸುತ್ತುವಸ್ತ್ರದ ಪೇಟೆಯನ್ನು ಬೆಳೆಸಿದ ಸಂಸ್ಥೆಗಳಲ್ಲಿ ಇದು ಪ್ರಮುಖವಾದುದು.

ಇವರಿಬ್ಬರೂ ಮಗುವನ್ನು ಕಟ್ಟಿಕೊಳ್ಳುವ ವಿದ್ಯೆಯನ್ನು ಕಂಡುಹಿಡಿದವರಲ್ಲ. ಆ ವಿದ್ಯೆ ತಿಳಿಯದ ಸಮಾಜದ ಮುಂದೆ ಅದನ್ನು ಸರಕಾಗಿ ಇಟ್ಟವರು. ಹಳ್ಳಿಯಲ್ಲಿ ಅಜ್ಜಿ ಕಲಿಸುತ್ತಿದ್ದ ಗಂಟನ್ನು ನಗರದಲ್ಲಿ ತಯಾರಕನೇ ಕಲಿಸಬೇಕಾಗುತ್ತದೆ. ಈ ವ್ಯಾಪಾರಕ್ಕೆ ಇಳಿಯಲು ಬಯಸುವವರು ಮೊದಲು ಮನಗಾಣಬೇಕಾದ ಸಂಗತಿ ಇದು.

ಬಟ್ಟೆ ಮಾಡಬೇಕಾದ ಕೆಲಸ

ಸುತ್ತುವಸ್ತ್ರವು ಮೂರು ಕೆಲಸಗಳನ್ನು ಏಕಕಾಲದಲ್ಲಿ ನಿರ್ವಹಿಸಬೇಕು.

ಮೊದಲನೆಯದು, ಅದು ಉದ್ದದಲ್ಲಿ ಮತ್ತು ಅಗಲದಲ್ಲಿ ಹಿಗ್ಗಬಾರದು. ಓರೆಯಲ್ಲಿ ಮಾತ್ರ ಹಿಗ್ಗಬೇಕು. ಓರೆಯ ಹಿಗ್ಗಿನಿಂದ ಬಟ್ಟೆಯು ಮಗುವಿನ ಬೆನ್ನು ಮತ್ತು ತೊಡೆಗಳ ಆಕಾರಕ್ಕೆ ಹೊಂದಿಕೊಳ್ಳುತ್ತದೆ. ಉದ್ದದಲ್ಲಿ ಹಿಗ್ಗಿದರೆ ಮಗು ಕೆಳಗೆ ಜಗ್ಗುತ್ತದೆ. ಹೆಣೆದ ಬಟ್ಟೆಗಳು, ಅಂದರೆ ಬನಿಯನ್ನಿನ ಬಗೆಯವು, ಮಗುವಿನ ತೂಕ ಹೆಚ್ಚಿದಂತೆ ಜೋಲುವುದಕ್ಕೆ ಇದೇ ಕಾರಣ.

ಎರಡನೆಯದು, ಪದರಗಳು ಒಂದರ ಮೇಲೊಂದು ಕುಳಿತಾಗ ಬಟ್ಟೆ ತನ್ನನ್ನು ತಾನೇ ಹಿಡಿದುಕೊಳ್ಳಬೇಕು. ಗಂಟು ಸಡಿಲವಾಗಬಾರದು. ಆದರೂ ಕಟ್ಟುವಾಗ ಎಳೆದು ಬಿಗಿಗೊಳಿಸಲು ಬರುವಷ್ಟು ನಯ ಇರಬೇಕು.

ಮೂರನೆಯದು, ಭಾರವನ್ನು ಹೆಗಲಿನ ಒಂದೇ ಗೆರೆಯ ಮೇಲೆ ಬೀಳಿಸದೆ ಅಗಲವಾಗಿ ಹರಡಬೇಕು.

ಈ ಮೂರು ಗುಣಗಳು ಬಹುಮಟ್ಟಿಗೆ ನೇಯ್ಗೆಯ ರಚನೆಯಿಂದ ಬರುತ್ತವೆ. ಸಾದಾ ನೇಯ್ಗೆಯಲ್ಲಿ ಪ್ರತಿಯೊಂದು ಹೊಕ್ಕೂ ಒಂದು ಹಾಸಿನ ಮೇಲೆ, ಮುಂದಿನದರ ಕೆಳಗೆ ಸಾಗುವುದರಿಂದ ಎಳೆಗಳು ಪರಸ್ಪರ ಬಿಗಿಯಾಗಿ ಸಿಕ್ಕಿಕೊಳ್ಳುತ್ತವೆ. ಒತ್ತಾಗಿ ನೇಯ್ದರೆ ಬಟ್ಟೆ ಬಿರುಸಾಗಿ ಹೆಗಲನ್ನು ಕೊರೆಯುತ್ತದೆ. ವಿರಳವಾಗಿ ನೇಯ್ದರೆ ಎಳೆಗಳು ಸರಿದು ಸಂದು ಬೀಳುತ್ತದೆ. ಟ್ವಿಲ್ ಅಥವಾ ಓರೆಗೆರೆಯ ನೇಯ್ಗೆಯಲ್ಲಿ ಎಳೆಯು ಎರಡು ಮೂರು ಎಳೆಗಳನ್ನು ಒಮ್ಮೆಗೇ ದಾಟುವುದರಿಂದ ಅದಕ್ಕೆ ಅಲ್ಪಸ್ವಲ್ಪ ಸರಿದಾಡುವ ಅವಕಾಶ ದೊರೆಯುತ್ತದೆ. ಓರೆಯ ಹಿಗ್ಗು ಹುಟ್ಟುವುದು ಇಲ್ಲಿಂದಲೇ. ಗೆರೆಯ ದಿಕ್ಕನ್ನು ಆಗಾಗ ಬದಲಿಸುವ ಅಡ್ಡ ಟ್ವಿಲ್‌ನಲ್ಲಿ ಈ ಹಿಗ್ಗು ಎರಡೂ ಓರೆಗಳಿಗೆ ಸಮನಾಗಿ ಹಂಚಿಕೆಯಾಗುತ್ತದೆ. ಯುರೋಪಿನ ತಯಾರಕರು ಅಡ್ಡ ಟ್ವಿಲ್ ಮತ್ತು ಜಕಾರ್ಡ್ ನೇಯ್ಗೆಗಳನ್ನು ಹೆಚ್ಚಾಗಿ ಬಳಸುವುದಕ್ಕೆ ಇದೂ ಒಂದು ಕಾರಣ.

ಸೀರೆ, ದುಪಟ್ಟಾ, ಹಾಸಿಗೆಯ ಹೊದಿಕೆಗಳನ್ನೇ ಕತ್ತರಿಸಿ ಸುತ್ತುವಸ್ತ್ರವೆಂದು ಮಾರುವುದು ಏಕೆ ಸಲ್ಲದು ಎಂಬುದು ಇದರಿಂದ ಸ್ಪಷ್ಟವಾಗುತ್ತದೆ. ಸೀರೆಗೆ ಉದ್ದವಿದೆ, ಆದರೆ ಅದು ತೆಳುವಾದ ಸಾದಾ ನೇಯ್ಗೆ. ಭಾರ ಬಿದ್ದಾಗ ಹಗ್ಗದಂತೆ ಮುದುಡಿಕೊಳ್ಳುತ್ತದೆ. ಹೊದಿಕೆಯ ಬಟ್ಟೆಯನ್ನು ಮೈಮೇಲೆ ಭಾರ ಹೊರಲೆಂದು ನೇಯ್ದಿರುವುದಿಲ್ಲ. ಗುಳೇದಗುಡ್ಡದ ಖಣದಂತಹ ಚೆಲುವಾದ ನೇಯ್ಗೆ ಕೂಡ ರವಿಕೆಗೆಂದು ರೂಪುಗೊಂಡದ್ದು. ಅದರ ವಿನ್ಯಾಸವನ್ನು ಸುತ್ತುವಸ್ತ್ರದ ಅಂಚಿಗೆ ತರಬಹುದೇ ಹೊರತು ಬಟ್ಟೆಯನ್ನು ಇದ್ದಂತೆಯೇ ಬಳಸಲಾಗದು. ವಿನ್ಯಾಸ ತರುವಾಗಲೂ ಹಿಂಬದಿಯಲ್ಲಿ ಉದ್ದನೆಯ ಎಳೆಗಳು ತೇಲದಂತೆ ನೋಡಿಕೊಳ್ಳಬೇಕು. ಅವು ಮಗುವಿನ ಬೆರಳಿಗೆ ಸಿಕ್ಕಿಕೊಳ್ಳುತ್ತವೆ.

ನೂಲಿನ ಆಯ್ಕೆಯಲ್ಲಿ ಹತ್ತಿಯೇ ಆರಂಭಕ್ಕೆ ಯೋಗ್ಯವಾದುದು. ಅಗಸೆ ನಾರು ಸೇರಿಸಿದರೆ ಭಾರ ತಡೆಯುವ ಶಕ್ತಿ ಹೆಚ್ಚುತ್ತದೆ, ಮೊದಮೊದಲು ಬಟ್ಟೆ ಒರಟಾಗಿರುತ್ತದೆ. ರೇಷ್ಮೆ ಸೇರಿದರೆ ನಯ ಬರುತ್ತದೆ, ಹಿಡಿತ ಕಡಿಮೆಯಾಗಬಹುದು. ಉಣ್ಣೆ ಪುಟಿಯುವ ಗುಣವುಳ್ಳದ್ದು, ಆದರೆ ನಮ್ಮ ಸೆಕೆಗೂ ನಮ್ಮ ಒಗೆತದ ರೂಢಿಗೂ ಒಗ್ಗುವುದಿಲ್ಲ.

ಮೊದಲ ಮಾದರಿಯ ಲೆಕ್ಕ

ಮಾದರಿ ನೇಯಲು ಒಂದು ಉದಾಹರಣೆಯನ್ನು ಪರಿಶೀಲಿಸಬಹುದು. ಹಾಸು ಮತ್ತು ಹೊಕ್ಕು ಎರಡಕ್ಕೂ 2/20 ಕೌಂಟಿನ ಹತ್ತಿ ನೂಲು, ಅಂಗುಲಕ್ಕೆ 50 ಹಾಸು, 40 ಹೊಕ್ಕು ಎಂದಿಟ್ಟುಕೊಂಡರೆ, ನೇಯ್ಗೆಯ ಸುಕ್ಕನ್ನೂ ಸೇರಿಸಿ ಚದರ ಮೀಟರಿಗೆ ಸುಮಾರು 220 ಗ್ರಾಂ ತೂಕದ ಬಟ್ಟೆ ದೊರೆಯುತ್ತದೆ. 4.6 ಮೀಟರ್ ಉದ್ದ, 70 ಸೆಂಟಿಮೀಟರ್ ಅಗಲದ ಒಂದು ವಸ್ತ್ರದ ವಿಸ್ತೀರ್ಣ 3.22 ಚದರ ಮೀಟರ್. ತೂಕ ಸುಮಾರು 710 ಗ್ರಾಂ. ಇದೇ ವಸ್ತ್ರವನ್ನು 300 ಗ್ರಾಂ ದಪ್ಪಕ್ಕೆ ನೇಯ್ದರೆ ತೂಕ 965 ಗ್ರಾಂ ಮುಟ್ಟುತ್ತದೆ. ದಪ್ಪ ಬಟ್ಟೆ ದೊಡ್ಡ ಮಗುವಿಗೆ ಒಳ್ಳೆಯ ಆಧಾರ ನೀಡುತ್ತದೆ. ಆದರೆ ಗಂಟು ಗಡುಸಾಗಿ, ಹಸುಗೂಸನ್ನು ಅಚ್ಚುಕಟ್ಟಾಗಿ ಸುತ್ತಲು ತೊಡಕಾಗುತ್ತದೆ.

ಹವಾಮಾನದ ಪ್ರಶ್ನೆಯೂ ಇದೆ. ಮುಂಭಾಗದಲ್ಲಿ ಕಟ್ಟುವ ಒಂದು ಜನಪ್ರಿಯ ವಿಧಾನದಲ್ಲಿ ಮಗುವಿನ ಮೇಲೆ ಮೂರು ಪದರಗಳು ಬರುತ್ತವೆ. 220 ಗ್ರಾಮಿನ ಬಟ್ಟೆ ಮೂರು ಪದರವಾದರೆ ಚದರ ಮೀಟರಿಗೆ 660 ಗ್ರಾಂ ಹತ್ತಿ ಮಗುವಿನ ಬೆನ್ನ ಮೇಲಿರುತ್ತದೆ. ರಾಯಚೂರು, ಕಲಬುರಗಿಯ ಬೇಸಗೆಗೆ ಇದು ಹೆಚ್ಚಾಯಿತು. ದೇಶೀಯ ಮಾರುಕಟ್ಟೆಗೆ ತೆಳುವಾದ, ಆದರೆ ಟ್ವಿಲ್ ರಚನೆಯ ಬಟ್ಟೆಯನ್ನೂ, ಒಂದೇ ಪದರದಲ್ಲಿ ಕಟ್ಟುವ ವಿಧಾನಗಳನ್ನೂ ಆರಿಸಿಕೊಳ್ಳುವುದು ಲೇಸು.

ಅಳತೆಗಳನ್ನು ಸಾಮಾನ್ಯವಾಗಿ ಸಂಖ್ಯೆಗಳಿಂದ ಗುರುತಿಸಲಾಗುತ್ತದೆ. 2ನೇ ಅಳತೆ ಸುಮಾರು 2.7 ಮೀಟರ್, 4ನೆಯದು 3.6 ಮೀಟರ್, 6ನೆಯದು 4.6 ಮೀಟರ್ ಆಸುಪಾಸಿನಲ್ಲಿರುತ್ತದೆ. ಒಂದು ಅಳತೆಗೂ ಮುಂದಿನದಕ್ಕೂ ಸುಮಾರು ಅರ್ಧ ಮೀಟರ್ ಅಂತರ. ಹೆಚ್ಚಿನವರಿಗೆ ಹೊಂದುವ 6ನೇ ಅಳತೆಯಿಂದಲೇ ಮಾದರಿಯನ್ನು ಆರಂಭಿಸುವುದು ವಾಡಿಕೆ.

ಅಗಲ ಕಡಿಮೆಯಿರುವುದರಿಂದ ಕೈಮಗ್ಗಕ್ಕೆ ಇದು ಹೇಳಿ ಮಾಡಿಸಿದಂತಹ ಸರಕು. ಒಗೆತದ ಕುಗ್ಗು ಮತ್ತು ಅಂಚಿನ ಮಡಿಕೆಯನ್ನು ಲೆಕ್ಕಹಾಕಿ ಹಣಿಗೆಯಲ್ಲಿ 78 ಸೆಂಟಿಮೀಟರ್ ಹಿಡಿದರೆ ಸುಮಾರು 1,535 ಹಾಸಿನ ಎಳೆಗಳು ಬೇಕಾಗುತ್ತವೆ. 30 ಮೀಟರಿನ ಮೊದಲ ಹಾಸಿನಲ್ಲಿ ಕಟ್ಟುವ ಮತ್ತು ಕೊನೆಯ ನಷ್ಟ ಒಂದೂವರೆ ಮೀಟರ್ ಕಳೆದು, ತುಂಡಿಗೆ 5.2 ಮೀಟರಿನಂತೆ ಐದು ತುಂಡುಗಳೂ ಪ್ರಯೋಗಾಲಯಕ್ಕೆ ಕಳುಹಿಸಲು ಎರಡೂವರೆ ಮೀಟರ್ ಬಟ್ಟೆಯೂ ಸಿಗುತ್ತವೆ. ಐದು ತುಂಡುಗಳಲ್ಲಿ ಒಂದನ್ನು ಮುಟ್ಟದೆ ಸಾಕ್ಷಿ ಮಾದರಿಯಾಗಿ ಇಡಬೇಕು. ಒಂದನ್ನು ಮತ್ತೆ ಮತ್ತೆ ಒಗೆಯಲು ಮೀಸಲಿಡಬೇಕು. ಉಳಿದ ಮೂರನ್ನು ಹೊತ್ತು ನೋಡಲು ಕೊಡಬೇಕು.

ಪರೀಕ್ಷೆಯ ಐದು ಹಂತಗಳು

1. ಬೆಳಕಿಗೆ ಹಿಡಿದು ನೋಡುವುದು. ಮಗ್ಗದಿಂದ ಇಳಿದ ಬಟ್ಟೆಯನ್ನು ಬೆಳಕಿನ ಎದುರು ಇಂಚಿಂಚೂ ಹಾಯಿಸಬೇಕು. ಕಡಿದ ಹಾಸು, ತಪ್ಪಿದ ಹೊಕ್ಕು, ಗಂಟು, ತೆಳುವಾದ ಪಟ್ಟೆ ಯಾವುದಿದ್ದರೂ ಗುರುತು ಮಾಡಬೇಕು. ಸೀರೆಯಲ್ಲಿ ಒಂದು ಎಳೆ ಕಡಿದರೆ ಅದು ಬೆಲೆಯಲ್ಲಿ ರಿಯಾಯಿತಿ ಕೊಡುವ ವಿಷಯ. ಸುತ್ತುವಸ್ತ್ರದಲ್ಲಿ ಅದನ್ನು ಸರಿಯಾಗಿ ತುಂಬಿ ನೇಯಬೇಕು, ಇಲ್ಲವೇ ತುಂಡನ್ನು ತಿರಸ್ಕರಿಸಬೇಕು.

2. ಒಗೆದು ನೋಡುವುದು. ಬಟ್ಟೆಯ ಮೇಲೆ 50 ಸೆಂಟಿಮೀಟರಿನ ಚೌಕವನ್ನು ಅಳಿಸಲಾಗದ ಶಾಯಿಯಿಂದ ಗುರುತಿಸಿ, 40 ಡಿಗ್ರಿ ಬಿಸಿನೀರಿನಲ್ಲಿ ಒಗೆದು ಒಣಗಿಸಿ ಮತ್ತೆ ಅಳೆಯಬೇಕು. 4.6 ಮೀಟರಿನ ವಸ್ತ್ರ ಶೇಕಡಾ 5ರಷ್ಟು ಕುಗ್ಗಿದರೂ 23 ಸೆಂಟಿಮೀಟರ್ ಕಡಿಮೆಯಾಗುತ್ತದೆ. ಶೇಕಡಾ 8ರಷ್ಟಾದರೆ 37 ಸೆಂಟಿಮೀಟರ್. ಕೊಂಡವರ ಪಾಲಿಗೆ ಅದು ಗಂಟಿಗೆ ಸಾಲದ ಬಟ್ಟೆಯಾಗುತ್ತದೆ. ಆದುದರಿಂದ ಒಗೆದು ಕುಗ್ಗಿಸಿದ ನಂತರವೇ ಅಂತಿಮ ಉದ್ದಕ್ಕೆ ಕತ್ತರಿಸುವುದು ಸೂಕ್ತ. ಹಾಸಿಗೆ ಹಾಕಿದ ಗಂಜಿ ಪೂರ್ತಿ ಬಿಟ್ಟುಹೋಗುವುದೂ ಮೃದುತ್ವ ಬರುವುದೂ ಈ ಹಂತದಲ್ಲಿಯೇ.

3. ಪ್ರಯೋಗಾಲಯ. ಎಳೆಗಳ ಸಂಖ್ಯೆ, ಚದರ ಮೀಟರಿನ ತೂಕ, ಎರಡೂ ದಿಕ್ಕಿನ ಎಳೆತದ ಬಲ, ಹರಿಯುವ ಬಲ, ಎಳೆ ಸರಿಯುವಿಕೆ ಇವುಗಳ ವರದಿ ಪಡೆಯಬೇಕು. ಮೊದಲ ಮೂರಕ್ಕೆ ಅನುಕ್ರಮವಾಗಿ ಭಾರತೀಯ ಮಾನಕಗಳಾದ ಐಎಸ್ 1963, ಐಎಸ್ 1964 ಮತ್ತು ಐಎಸ್ 1969 ಇವೆ. ಬಣ್ಣದ ವಿಷಯದಲ್ಲಿ ಒಗೆತ ಮತ್ತು ಉಜ್ಜುವಿಕೆಯ ಜೊತೆಗೆ ಬೆವರು ಮತ್ತು ಜೊಲ್ಲಿಗೆ ಬಣ್ಣ ಬಿಡುವುದೇ ಎಂಬುದನ್ನೂ ಪರೀಕ್ಷಿಸಬೇಕು. ಹಲ್ಲು ಬರುವ ಮಗು ತನ್ನ ಬಾಯಿಗೆ ಎಟಕುವ ಅಂಚನ್ನು ಕಚ್ಚದೆ ಬಿಡುವುದಿಲ್ಲ.

4. ಭಾರ ಕಟ್ಟಿ ನೋಡುವುದು. ಮಗುವಿಗೆ ಮೊದಲು ಅಕ್ಕಿ ಅಥವಾ ಮರಳು ತುಂಬಿದ ಚೀಲ, ಸಾಧ್ಯವಿದ್ದರೆ ತೂಕದ ಗೊಂಬೆ. 3.5 ಕಿಲೋ, 8 ಕಿಲೋ ಮತ್ತು 14 ಕಿಲೋ ತೂಕಗಳಲ್ಲಿ ಬೇರೆ ಬೇರೆಯಾಗಿ ಕಟ್ಟಿ, ಚೀಲದ ಕೆಳ ಅಂಚಿನ ಎತ್ತರವನ್ನು ಹೊರುವವರ ಉಡುಪಿನ ಮೇಲೆ ಸೀಮೆಸುಣ್ಣದಿಂದ ಗುರುತಿಸಬೇಕು. ಅರ್ಧ ಗಂಟೆ ನಡೆದು, ಮೆಟ್ಟಿಲು ಹತ್ತಿ ಇಳಿದು, ಕುಳಿತು ಎದ್ದ ನಂತರ ಚೀಲ ಎಷ್ಟು ಇಳಿದಿದೆ ಎಂದು ಅಳೆಯಬೇಕು. ಈಗಾಗಲೇ ಪೇಟೆಯಲ್ಲಿ ಹೆಸರು ಮಾಡಿರುವ ಒಂದು ಸುತ್ತುವಸ್ತ್ರವನ್ನು ಕೊಂಡು ತಂದು, ಅದೇ ವ್ಯಕ್ತಿ, ಅದೇ ಚೀಲ, ಅದೇ ಗಂಟಿನಲ್ಲಿ ಹೋಲಿಸಿದರೆ ತಮ್ಮ ಬಟ್ಟೆಯ ಸ್ಥಾನ ತಿಳಿಯುತ್ತದೆ. ಈ ಹಂತದಲ್ಲಿ ಸೋತ ಬಟ್ಟೆಯು ಯಾವ ಕಾರಣಕ್ಕೂ ಮಗುವಿನ ಬಳಿಗೆ ಹೋಗಬಾರದು.

5. ಮನೆಗಳಲ್ಲಿ ಹೊತ್ತು ನೋಡುವುದು. ಹೊರ ದೇಶಗಳಲ್ಲಿ ಸುತ್ತುವಸ್ತ್ರಗಳನ್ನು ಎರವಲು ಕೊಡುವ ಗ್ರಂಥಾಲಯದ ಮಾದರಿಯ ಕೇಂದ್ರಗಳಿವೆ. ಕೆಲವು ತಯಾರಕರು ಒಂದೇ ಮಾದರಿಯನ್ನು ಮನೆಯಿಂದ ಮನೆಗೆ ಕೆಲವು ದಿನಗಳಂತೆ ಕಳುಹಿಸಿ ಅಭಿಪ್ರಾಯ ಸಂಗ್ರಹಿಸುತ್ತಾರೆ. ನಮ್ಮಲ್ಲಿಯೂ ಕಟ್ಟಲು ಚೆನ್ನಾಗಿ ಬಲ್ಲ ಕೆಲವು ತಾಯಂದಿರನ್ನೂ, ಮೊದಲ ಬಾರಿಗೆ ಕಟ್ಟುವ ಕೆಲವರನ್ನೂ ಆರಿಸಿ ಒಂದೊಂದು ವಾರ ವಸ್ತ್ರವನ್ನು ಕೊಡಬಹುದು. ತಂದೆಯಂದಿರನ್ನೂ ಸೇರಿಸಿಕೊಳ್ಳಬೇಕು, ಏಕೆಂದರೆ ಅಗಲವಾದ ಮೈಕಟ್ಟಿಗೆ ಬೇರೆ ಉದ್ದ ಬೇಕಾಗುತ್ತದೆ. ಪ್ರತಿ ಮನೆಯಿಂದ ಮರಳಿದ ವಸ್ತ್ರವನ್ನು ಒಗೆದು, ಬೆಳಕಿಗೆ ಹಿಡಿದು ನೋಡಿದ ಬಳಿಕವೇ ಮುಂದಿನ ಮನೆಗೆ ಕಳುಹಿಸಬೇಕು. ಅವಧಿಗೆ ಮುನ್ನ ಹುಟ್ಟಿದ, ತೂಕ ಕಡಿಮೆಯಿರುವ ಅಥವಾ ಉಸಿರಾಟದ ತೊಂದರೆಯಿರುವ ಮಕ್ಕಳನ್ನು ಇಂತಹ ಪ್ರಯೋಗಕ್ಕೆ ಸೇರಿಸಿಕೊಳ್ಳಲೇಬಾರದು.

ದೋಷ ಮತ್ತು ಪರಿಹಾರ

ಹೊತ್ತು ನೋಡಿದವರು ‘ಚೆನ್ನಾಗಿದೆ’ ಎಂದಷ್ಟೇ ಹೇಳಿದರೆ ನೇಕಾರನಿಗೆ ಪ್ರಯೋಜನವಿಲ್ಲ. ಅವರ ಅನುಭವವನ್ನು ಮಗ್ಗದ ಭಾಷೆಗೆ ತರಬೇಕು. ಅದಕ್ಕಾಗಿ ಐದು ಮಾತುಗಳ ಒಂದು ಪಟ್ಟಿಯನ್ನು ಬಳಸಬಹುದು.

ಜೋಲು: ಅರ್ಧ ಗಂಟೆಯಲ್ಲಿ ಮಗು ಕೆಳಗಿಳಿಯಿತೇ? ಇಳಿದಿದ್ದರೆ ಹೊಕ್ಕು ವಿರಳವಾಗಿದೆ, ಅಥವಾ ಹಿಗ್ಗುವ ನೂಲು ಸೇರಿದೆ. ಅಂಗುಲಕ್ಕೆ ಎರಡು ಮೂರು ಹೊಕ್ಕು ಹೆಚ್ಚಿಸಿ ನೋಡಬೇಕು.

ಒತ್ತು: ಹೆಗಲಿನ ಮೇಲೆ ಗೆರೆ ಮೂಡಿತೇ? ಮೂಡಿದ್ದರೆ ನೇಯ್ಗೆ ಬಿರುಸಾಗಿದೆ, ಇಲ್ಲವೇ ನೂಲಿನ ಹುರಿ ಹೆಚ್ಚಾಗಿದೆ. ಹೊಕ್ಕಿಗೆ ಕಡಿಮೆ ಹುರಿಯ ನೂಲು ಬಳಸಬಹುದು. ಅಂಚಿನ ಹೊಲಿಗೆ ದಪ್ಪವಾಗಿದ್ದರೂ ಈ ದೂರು ಬರುತ್ತದೆ.

ಹಿಡಿತ: ಗಂಟು ಸಡಿಲವಾಯಿತೇ? ಮರ್ಸರೈಸ್ ಮಾಡಿದ ನುಣುಪಾದ ನೂಲು ಅಥವಾ ರೇಷ್ಮೆಯ ಪ್ರಮಾಣ ಇದಕ್ಕೆ ಕಾರಣವಾಗಿರಬಹುದು.

ಜಾರು: ಕಟ್ಟುವಾಗ ಪದರಗಳು ಸರಾಗವಾಗಿ ಎಳೆಯಲು ಬರುತ್ತವೆಯೇ? ಬಾರದಿದ್ದರೆ ಬಟ್ಟೆಗೆ ಇನ್ನೂ ಕೆಲವು ಒಗೆತಗಳು ಬೇಕು. ಇದನ್ನು ಸಡಿಲವಾಗಿ ಕಡೆಗಣಿಸಬಾರದು. ಎಳೆಯಲು ಬಾರದ ಬಟ್ಟೆಯನ್ನು ಹೊಸಬರು ಅರೆಬಿಗಿಯಲ್ಲಿಯೇ ಬಿಟ್ಟು ಗಂಟು ಹಾಕುತ್ತಾರೆ.

ಮೆತ್ತೆ: ಹೆಗಲಿಗೆ ದಿಂಬಿನಂತಹ ಆಧಾರ ಸಿಕ್ಕಿತೇ? ಇದು ದಪ್ಪ ಮತ್ತು ರಚನೆಯ ಗುಣ.

ಹೊಸ ವಸ್ತ್ರ ಎಷ್ಟೇ ಒಳ್ಳೆಯದಾದರೂ ಮೊದಲು ತುಸು ಗಡುಸಾಗಿರುತ್ತದೆ. ಒಗೆತ, ಇಸ್ತ್ರಿ ಮತ್ತು ಬಳಕೆಯಿಂದ ಪಳಗುತ್ತದೆ. ಆದುದರಿಂದ ಮೊದಲ ದಿನದ ಮತ್ತು ಏಳನೆಯ ದಿನದ ಅಭಿಪ್ರಾಯಗಳನ್ನು ಬೇರೆ ಬೇರೆಯಾಗಿ ಬರೆದಿಡಬೇಕು. ಏಳು ದಿನಗಳಲ್ಲಿ ಹೋಗುವ ದೋಷ ಬಟ್ಟೆಯ ಎಳೆತನ; ಹೋಗದ ದೋಷ ಮಗ್ಗದ್ದು.

ತಾಯಂದಿರಿಂದ ಬರುವ ಸಣ್ಣ ಸಲಹೆಗಳಿಗೂ ವ್ಯಾಪಾರದಲ್ಲಿ ಬೆಲೆಯಿದೆ. ಮೇಲಿನ ಅಂಚಿಗೆ ಒಂದು ಬಣ್ಣ, ಕೆಳಗಿನ ಅಂಚಿಗೆ ಇನ್ನೊಂದು ಬಣ್ಣ ಕೊಟ್ಟರೆ ಬೆನ್ನ ಹಿಂದೆ ಬಟ್ಟೆ ತಿರುಚಿದೆಯೇ ಎಂಬುದು ಕೂಡಲೇ ತಿಳಿಯುತ್ತದೆ. ನಟ್ಟನಡುವೆ ಎರಡೂ ಅಂಚಿಗೆ ಚಿಕ್ಕ ಗುರುತುಪಟ್ಟಿ ಹೊಲಿದರೆ ಕಟ್ಟಲು ಆರಂಭಿಸುವ ಜಾಗ ಹುಡುಕಬೇಕಾಗಿಲ್ಲ. ತುದಿಗಳನ್ನು ಓರೆಯಾಗಿ ಕತ್ತರಿಸಿದರೆ ಗಂಟು ಚಿಕ್ಕದಾಗುತ್ತದೆ.

ಉಸಿರಿನ ಪ್ರಶ್ನೆ

ಬಟ್ಟೆ ಎಷ್ಟೇ ಗಟ್ಟಿಯಾಗಿದ್ದರೂ ಕಟ್ಟುವ ಕ್ರಮ ತಪ್ಪಿದರೆ ಅನಾಹುತ ತಪ್ಪುವುದಿಲ್ಲ. ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗವು 2010ರ ಮಾರ್ಚಿನಲ್ಲಿ ಹೊರಡಿಸಿದ ಎಚ್ಚರಿಕೆಯ ಪ್ರಕಾರ, ಅದಕ್ಕೆ ಹಿಂದಿನ ಇಪ್ಪತ್ತು ವರ್ಷಗಳಲ್ಲಿ ಜೋಲಿ ಮಾದರಿಯ ಹೊರೆಸಾಧನಗಳಿಗೆ ಸಂಬಂಧಿಸಿದ ಕನಿಷ್ಠ 14 ಶಿಶುಮರಣಗಳು ವರದಿಯಾಗಿದ್ದವು. ಅವುಗಳಲ್ಲಿ 12 ಶಿಶುಗಳು ನಾಲ್ಕು ತಿಂಗಳಿಗಿಂತ ಚಿಕ್ಕವು. ಉಸಿರುಗಟ್ಟುವುದು ಎರಡು ಬಗೆಯಲ್ಲಿ. ಮಗುವಿನ ಮೂಗು ಬಾಯಿಗಳು ಬಟ್ಟೆಗೋ ಹೊರುವವರ ಮೈಗೋ ಒತ್ತಿಕೊಳ್ಳುವುದು ಒಂದು. ಮಗು ಮುದುಡಿ, ಗದ್ದ ಎದೆಗೆ ತಾಗಿ, ಉಸಿರ್ನಾಳ ಮಡಿಚಿಕೊಳ್ಳುವುದು ಇನ್ನೊಂದು. ಎರಡನೆಯದರಲ್ಲಿ ಮಗು ಅಳುವುದೂ ಇಲ್ಲ.

ಬ್ರಿಟನ್ನಿನಲ್ಲಿ ಪ್ರಚಾರದಲ್ಲಿರುವ ಐದು ಸೂತ್ರಗಳನ್ನು ಕನ್ನಡದಲ್ಲಿ ಹೀಗೆ ಹೇಳಬಹುದು: ಬಿಗಿಯಾಗಿರಲಿ, ಮುಖ ಸದಾ ಕಾಣುತ್ತಿರಲಿ, ತಲೆ ಮುತ್ತಿಡುವಷ್ಟು ಹತ್ತಿರವಿರಲಿ, ಗದ್ದ ಎದೆಗೆ ತಾಗದಿರಲಿ, ಬೆನ್ನಿಗೆ ಆಧಾರವಿರಲಿ. ಇದರ ಜೊತೆಗೆ ಮಗುವಿನ ಮೊಣಕಾಲುಗಳು ಪೃಷ್ಠಕ್ಕಿಂತ ಮೇಲಿದ್ದು, ತೊಡೆಗಳು ಅಗಲವಾಗಿ ಆಧಾರ ಪಡೆದಿರಬೇಕು. ಸೊಂಟದ ಕೀಲಿನ ಬೆಳವಣಿಗೆಗೆ ಈ ಭಂಗಿ ಹಿತಕರ. ಈ ಸೂತ್ರಗಳನ್ನು ಚಿತ್ರಸಹಿತ ಅಚ್ಚು ಹಾಕಿ ವಸ್ತ್ರದೊಡನೆ ಕೊಡಬೇಕು. ಮುಖ್ಯ ಎಚ್ಚರಿಕೆಗಳು ಕಾಗದದಲ್ಲಿ ಮಾತ್ರವಲ್ಲದೆ ಬಟ್ಟೆಗೆ ಹೊಲಿದ ಪಟ್ಟಿಯಲ್ಲಿಯೂ ಇರಬೇಕು. ಕಾಗದ ಕಳೆದುಹೋಗುತ್ತದೆ, ಪಟ್ಟಿ ಉಳಿಯುತ್ತದೆ.

ನಮ್ಮ ದೇಶಕ್ಕೆ ವಿಶೇಷವಾದ ಇನ್ನೊಂದು ಎಚ್ಚರಿಕೆಯೂ ಅಗತ್ಯ. ಸುತ್ತುವಸ್ತ್ರವು ವಾಹನದ ಸುರಕ್ಷತಾ ಪಟ್ಟಿಯಲ್ಲ. ದ್ವಿಚಕ್ರ ವಾಹನದಲ್ಲಿ ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಸುರಕ್ಷತಾ ಕವಚಪಟ್ಟಿ ಬಳಸಬೇಕೆಂಬ ನಿಯಮವನ್ನು ಕೇಂದ್ರ ಸರ್ಕಾರವು 2022ರ ಫೆಬ್ರವರಿಯಲ್ಲಿ ಪ್ರಕಟಿಸಿತು. ಸುತ್ತುವಸ್ತ್ರ ಅದಕ್ಕೆ ಬದಲಿಯಾಗಲಾರದು. ಒಲೆಯ ಮುಂದೆ ಅಡುಗೆ ಮಾಡುವಾಗಲೂ ಮಗುವನ್ನು ಮುಂದೆ ಕಟ್ಟಿಕೊಳ್ಳಬಾರದೆಂದು ಸ್ಪಷ್ಟವಾಗಿ ನಮೂದಿಸಬೇಕು.

ಕಾನೂನು ಮತ್ತು ರಫ್ತು

ಅಮೆರಿಕದಲ್ಲಿ ಈ ಬಗೆಯ ವಸ್ತ್ರಗಳಿಗೆ ಎಎಸ್‌ಟಿಎಂ ಎಫ್2907 ಎಂಬ ಮಾನಕವಿದೆ. ಇದನ್ನು ಆಧರಿಸಿದ ಕಡ್ಡಾಯ ನಿಯಮವು 2017ರ ಜನವರಿಯಲ್ಲಿ ಪ್ರಕಟವಾಗಿ 2018ರ ಜನವರಿ 30ರಿಂದ ಜಾರಿಗೆ ಬಂದಿತು. ಸ್ಥಿರ ಭಾರ, ಪುನರಾವರ್ತಿತ ಭಾರ ಮತ್ತು ಮಗು ಜಾರಿ ಬೀಳದಿರುವಿಕೆಯ ಪರೀಕ್ಷೆಗಳು, ಬೆಂಕಿ ಹತ್ತುವ ಗುಣದ ಪರೀಕ್ಷೆ, ಎಚ್ಚರಿಕೆಯ ಪಟ್ಟಿ ಇವು ಅದರ ಮುಖ್ಯ ಅಂಗಗಳು. ಮಾನ್ಯತೆ ಪಡೆದ ಮೂರನೆಯ ಪಕ್ಷದ ಪ್ರಯೋಗಾಲಯದಿಂದ ಪರೀಕ್ಷೆ ಆಗಬೇಕು. ಯಾವ ತಂಡದಲ್ಲಿ, ಯಾವಾಗ, ಎಲ್ಲಿ ತಯಾರಾಯಿತೆಂದು ಪತ್ತೆ ಹಚ್ಚುವ ಗುರುತು ವಸ್ತ್ರದ ಮೇಲಿರಬೇಕು.

ಯುರೋಪಿನಲ್ಲಿ 2015ರ ಮಾರ್ಗದರ್ಶಿ ದಾಖಲೆಯಾದ ಸಿಇಎನ್/ಟಿಆರ್ 16512 ಬಳಕೆಯಲ್ಲಿದೆ. ಚರ್ಮಕ್ಕೆ ತಾಗುವ ಬಟ್ಟೆಯಲ್ಲಿ ನಿಷೇಧಿತ ಅಜೋ ಬಣ್ಣಗಳಿಂದ ಹೊರಬರುವ ಹಾನಿಕರ ಅಮೀನ್‌ಗಳು ಕಿಲೋಗೆ 30 ಮಿಲಿಗ್ರಾಂ ಮೀರುವಂತಿಲ್ಲ. 2024ರ ಡಿಸೆಂಬರ್ 13ರಿಂದ ಅನ್ವಯವಾಗಿರುವ ಸಾಮಾನ್ಯ ಉತ್ಪನ್ನ ಸುರಕ್ಷತಾ ನಿಯಮದ ಪ್ರಕಾರ ಯುರೋಪ್ ಒಕ್ಕೂಟದೊಳಗೆ ಒಬ್ಬ ಹೊಣೆಗಾರ ವ್ಯಕ್ತಿ ಅಥವಾ ಸಂಸ್ಥೆ ಇರಲೇಬೇಕು. ಸ್ವಯಂಪ್ರೇರಿತವಾದರೂ ಖರೀದಿದಾರರು ಹೆಚ್ಚಾಗಿ ಕೇಳುವ ಓಕೋ-ಟೆಕ್ಸ್ ಸ್ಟ್ಯಾಂಡರ್ಡ್ 100ರಲ್ಲಿ ಶಿಶುಗಳ ಬಟ್ಟೆ ಅತ್ಯಂತ ಕಟ್ಟುನಿಟ್ಟಿನ ಮೊದಲ ವರ್ಗಕ್ಕೆ ಸೇರುತ್ತದೆ.

ದೇಶೀಯ ಮಾರುಕಟ್ಟೆಯಲ್ಲಿಯೂ ಹೊಣೆ ಹಗುರವಲ್ಲ. ಗ್ರಾಹಕ ಸಂರಕ್ಷಣಾ ಕಾಯಿದೆ 2019ರ ಆರನೆಯ ಅಧ್ಯಾಯವು ಉತ್ಪನ್ನದ ಹೊಣೆಗಾರಿಕೆಯನ್ನು ವಿಧಿಸುತ್ತದೆ. ತಯಾರಿಕೆಯ ಅಥವಾ ವಿನ್ಯಾಸದ ದೋಷಕ್ಕೆ ಮಾತ್ರವಲ್ಲ, ಸರಿಯಾದ ಬಳಕೆಯ ಸೂಚನೆ ಅಥವಾ ಎಚ್ಚರಿಕೆ ಇಲ್ಲದಿರುವುದಕ್ಕೂ ತಯಾರಕರು ಬಾಧ್ಯರಾಗುತ್ತಾರೆ. ಕೆಲವು ಸಂದರ್ಭಗಳಲ್ಲಿ ಮಾರಾಟಗಾರರೂ ಬಾಧ್ಯರಾಗುತ್ತಾರೆ. ವಿದ್ಯುತ್ ಮಗ್ಗದಲ್ಲಿ ನೇಯ್ದುದನ್ನು ಕೈಮಗ್ಗದ್ದೆಂದು ಮಾರುವ ಆಸೆಯನ್ನೂ ಬಿಡಬೇಕು. ನಿಜವಾದ ಕೈಮಗ್ಗದ ಸರಕಿಗೆ 2006ರಲ್ಲಿ ಆರಂಭವಾದ ‘ಹ್ಯಾಂಡ್‌ಲೂಮ್ ಮಾರ್ಕ್’ ಪಡೆಯುವ ಅವಕಾಶವಿದೆ.

ವ್ಯಾಪಾರಿಗಳು ಗಮನಿಸಬೇಕಾದ ಅಂಶಗಳು

1. ವಿನ್ಯಾಸಗಳು ಕಡಿಮೆಯಿರಲಿ. ನೂಲು, ರಚನೆ ಅಥವಾ ತೂಕ ಬದಲಾದರೆ ಪರೀಕ್ಷೆಯೂ ಹೊಸದಾಗಿ ಆಗಬೇಕು. ಒಂದೇ ರಚನೆಯಲ್ಲಿ ಬಣ್ಣಗಳನ್ನು ಬದಲಿಸುವುದು ಮಿತವ್ಯಯದ ದಾರಿ. ಆಗಲೂ ಪ್ರತಿ ಬಣ್ಣಕ್ಕೆ ಬಣ್ಣದ ಪರೀಕ್ಷೆ ತಪ್ಪದು.

2. ಪ್ರತಿ ಹಾಸಿಗೂ ಒಂದು ತಂಡದ ಸಂಖ್ಯೆ, ನೂಲಿನ ಮತ್ತು ಬಣ್ಣದ ವಿವರ, ನೇಯ್ದ ದಿನಾಂಕ ಇವುಗಳ ದಾಖಲೆ ಇರಲಿ. ದೂರು ಬಂದಾಗ ಯಾವ ತುಂಡುಗಳನ್ನು ಹಿಂದಕ್ಕೆ ಕರೆಸಬೇಕೆಂದು ಅರ್ಧ ದಿನದಲ್ಲಿ ತಿಳಿಯುವಂತಿರಬೇಕು.

3. ಅಂಗಡಿಯಲ್ಲಿ ಮಾರುವವರು ಕನಿಷ್ಠ ಎರಡು ಕಟ್ಟುಗಳನ್ನು ಗೊಂಬೆಯ ಮೇಲೆ ತೋರಿಸಲು ಬಲ್ಲವರಾಗಿರಬೇಕು. ಕಟ್ಟಿ ತೋರಿಸಲಾಗದ ಅಂಗಡಿಗೆ ಈ ಸರಕನ್ನು ಕೊಡದಿರುವುದೇ ಒಳಿತು.

4. ಮನೆಗೆ ಕೊಂಡೊಯ್ದು ಕೆಲವು ದಿನ ಹೊತ್ತು ನೋಡಿ, ಒಪ್ಪದಿದ್ದರೆ ಮರಳಿಸುವ ಅಥವಾ ಬೇರೆ ಅಳತೆ ಪಡೆಯುವ ಅವಕಾಶ ಕೊಡಬೇಕು. ಮರಳಿ ಬಂದುದನ್ನು ಹೊಸದೆಂದು ಮಾರಬಾರದು. ಒಗೆದು ಪ್ರದರ್ಶನಕ್ಕೆ ಬಳಸಬಹುದು.

5. ಆಸ್ಪತ್ರೆಗಳ ಬೇಡಿಕೆಯನ್ನು ಪ್ರತ್ಯೇಕವಾಗಿ ಕಾಣಬೇಕು. ಕಡಿಮೆ ತೂಕದ ನವಜಾತ ಶಿಶುಗಳನ್ನು ತಾಯಿಯ ಎದೆಗೆ ಚರ್ಮಸ್ಪರ್ಶದಲ್ಲಿ ಇಡುವ ‘ಕಾಂಗರೂ ತಾಯಿ ಆರೈಕೆ’ ಕರ್ನಾಟಕದ ಕೊಪ್ಪಳ ಜಿಲ್ಲೆಯಲ್ಲಿಯೂ ವ್ಯಾಪಕವಾಗಿ ಪ್ರಯೋಗಗೊಂಡಿದೆ. ಆದರೆ ಅದು ವೈದ್ಯಕೀಯ ಮಾರ್ಗದರ್ಶನದ ಆರೈಕೆ. ಸಾಮಾನ್ಯ ಸುತ್ತುವಸ್ತ್ರವನ್ನು ಆ ಹೆಸರಿನಲ್ಲಿ ಮಾರುವುದು ತಪ್ಪು.

ಉಪಸಂಹಾರ

ಕರ್ನಾಟಕದಲ್ಲಿ ನೇಯ್ಗೆಯ ಕೌಶಲಕ್ಕೆ ಕೊರತೆಯಿಲ್ಲ. ಇಳಕಲ್ಲು, ರಬಕವಿ-ಬನಹಟ್ಟಿ, ಬೆಟಗೇರಿ, ದೊಡ್ಡಬಳ್ಳಾಪುರದಂತಹ ಊರುಗಳು ಮಗ್ಗದಿಂದಲೇ ಹೆಸರಾದವು. ಸುತ್ತುವಸ್ತ್ರ ಈ ಮಗ್ಗಗಳಿಗೆ ಅಸಾಧ್ಯವಾದುದೇನಲ್ಲ. ಕೊರತೆಯಿರುವುದು ನೇಯುವವರಿಗೂ ಹೊರುವವರಿಗೂ ನಡುವಿನ ಮಾತುಕತೆಯಲ್ಲಿ. ಸೀರೆಯ ನೇಕಾರನಿಗೆ ಉಡುವವರ ಅಭಿರುಚಿ ತಲೆಮಾರುಗಳಿಂದ ಗೊತ್ತು. ಸುತ್ತುವಸ್ತ್ರದ ನೇಕಾರನಿಗೆ ಹೊರುವವರ ಹೆಗಲು ಇನ್ನೂ ಪರಿಚಯವಾಗಬೇಕಿದೆ. ಆ ಪರಿಚಯವನ್ನು ಮಾಡಿಕೊಡುವುದೇ ಪರೀಕ್ಷೆಯ ಉದ್ದೇಶ.

ಮೊದಲ ಹಾಸಿನ ಐದು ತುಂಡುಗಳಲ್ಲಿ ಒಂದೂ ಮಾರಾಟಕ್ಕೆ ಹೋಗದಿರಬಹುದು. ಎರಡನೆಯ ಹಾಸಿನಲ್ಲಿಯೂ ಹೊಕ್ಕಿನ ಲೆಕ್ಕ ಬದಲಾಗಬಹುದು. ಇದನ್ನು ನಷ್ಟವೆಂದು ಬರೆದುಕೊಳ್ಳದೆ ಬಂಡವಾಳವೆಂದು ಬರೆದುಕೊಳ್ಳುವ ತಯಾರಕರು ಮಾತ್ರ ಈ ವ್ಯಾಪಾರದಲ್ಲಿ ನಿಲ್ಲಬಲ್ಲರು. ಚೀಲ ಹೊತ್ತು, ಮೆಟ್ಟಿಲು ಹತ್ತಿ, ಒಗೆದು, ಅಳೆದು, ತಾನೇ ಒಪ್ಪಿದ ಬಟ್ಟೆಯನ್ನಷ್ಟೇ ಇನ್ನೊಬ್ಬರ ಮಗುವಿಗೆ ಕೊಡುವುದು ಈ ಉದ್ಯಮದ ಮೊದಲ ನಿಯಮ. ಒಳ್ಳೆಯ ಹೆಸರು ತರುವುದೂ ಅದೇ.